ಮುಂಜಾನೆಯ ನೀಲಿ ಹೊಗೆ

ತಳಿ ಸೀಮೆಯ ಗುಮ್ಮಳಾಪುರದಲ್ಲಿ ಧನುರ್ಮಾಸದ ಬೆಳಗಿನ ಚಳಿ ಜೋರಾಗಿಯೇ ಇರುತ್ತದೆ. ರಾತ್ರಿಯೆಲ್ಲ ಬಯಲಲ್ಲಿ ನಿಂತ ಹಳೆಯ ಪೆಟ್ರೋಲ್ ಕಾರೊಂದನ್ನು ಆ ಹೊತ್ತಿನಲ್ಲಿ ಸ್ಟಾರ್ಟ್ ಮಾಡಿದರೆ ಸೈಲೆನ್ಸರ್ ಬಾಯಿಂದ ಒಂದು ಗುಪ್ಪೆ ನೀಲಿ ಹೊಗೆ ಬರುತ್ತದೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ನಿಲ್ಲುತ್ತದೆ. ಇಂಜಿನ್ ಸದ್ದು ಸಮವಾಗುತ್ತದೆ, ಕಾರು ಹೊರಡುತ್ತದೆ, ಹೊಗೆಯ ಮಾತು ಅಲ್ಲಿಗೆ ಮುಗಿಯುತ್ತದೆ. ಮಂಜಿನ ಬೆಳಗಲ್ಲಿ ಎಲ್ಲ ಗಾಡಿಯೂ ಹೊಗೆ ಬಿಡುತ್ತೆ ಎಂಬ ಸಮಾಧಾನ ಹೇಗೂ ಇದೆ.

ಎಲ್ಲ ಗಾಡಿ ಬಿಡುವುದು ನೀರಿನ ಆವಿ. ಅದು ಬೆಳ್ಳಗಿರುತ್ತದೆ, ಎರಡು ಮಾರು ದೂರ ಹೋಗುವಷ್ಟರಲ್ಲಿ ಕರಗಿಹೋಗುತ್ತದೆ. ಆಯಿಲ್ ಹೊಗೆಗೆ ನೀಲಿ ಛಾಯೆ ಇರುತ್ತದೆ. ನೆಲಮಟ್ಟದಲ್ಲೇ ಸುಳಿಯುತ್ತ ಕೆಲಹೊತ್ತು ಉಳಿಯುತ್ತದೆ, ಸುಟ್ಟ ಎಣ್ಣೆಯ ಕಮಟು ವಾಸನೆ ಗಂಟಲಿಗೆ ಹತ್ತುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದು ಬಿಟ್ಟುಬಿಡುವುದರಿಂದ ಮುಂದೆ ಏನೇನು ಹಾಳಾಗುತ್ತದೆ ಎಂಬುದನ್ನು ಲೆಕ್ಕ ಸಮೇತ ಹೇಳಲು ಈ ಲೇಖನ. ಇದರಲ್ಲಿ ಕೆಡುವುದು ಇಂಜಿನ್ ಒಂದೇ ಅಲ್ಲ.

ಹೊಗೆಗೆ ಕಾರಣವಾದ ವಸ್ತು ಬೆರಳ ತುದಿಯಷ್ಟು ಚಿಕ್ಕದು. ಇಂಜಿನ್ನಿನ ತಲೆಭಾಗದಲ್ಲಿ, ಅಂದರೆ ಹೆಡ್‌ನಲ್ಲಿ, ವಾಲ್ವುಗಳು ಮೇಲೆ ಕೆಳಗೆ ಆಡುತ್ತಿರುತ್ತವೆ. ಪ್ರತಿ ವಾಲ್ವಿನ ಕಾಂಡವೂ ಗೈಡ್ ಎಂಬ ಲೋಹದ ಕೊಳವೆಯೊಳಗೆ ಜಾರುತ್ತದೆ. ಮೇಲೆ, ಟಪೆಟ್ ಕವರಿನ ಕೆಳಗೆ, ಕ್ಯಾಮ್ ಮತ್ತು ರಾಕರ್‌ಗಳಿಗೆಂದು ಆಯಿಲ್ ಸದಾ ಚಿಮ್ಮುತ್ತಿರುತ್ತದೆ. ಕೆಳಗೆ ಬೆಂಕಿಯ ಕೋಣೆ. ನಡುವೆ ತಡೆಯಾಗಿ ಗೈಡಿನ ತಲೆಯ ಮೇಲೆ ಕೂತಿರುವ ರಬ್ಬರ್ ಟೋಪಿಯೇ ವಾಲ್ವ್ ಸೀಲ್. ಒಂದು ಹನಿಯೂ ಇಳಿಯದಂತೆ ಬಿಗಿಯುವುದು ಅದರ ಕೆಲಸವಲ್ಲ. ಕಾಂಡ ಮತ್ತು ಗೈಡ್ ಒಣಗಿ ಉಜ್ಜಿಕೊಳ್ಳದಷ್ಟು ತೆಳುವಾದ ಆಯಿಲ್ ಪದರ ಇಳಿಯಲೇಬೇಕು. ಮಿಕ್ಕದ್ದನ್ನು ಅದು ಒರೆಸಿ ಮೇಲೆಯೇ ಉಳಿಸಬೇಕು. ಇಂಥ ನಾಜೂಕಿನ ಕೆಲಸವನ್ನು ಮಾಡುವ ರಬ್ಬರ್ ತುಟಿ ನೂರು ಡಿಗ್ರಿಗೂ ಮೀರಿದ ಬಿಸಿಯಲ್ಲಿ, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಉಜ್ಜಿಸಿಕೊಳ್ಳುತ್ತ, ವರ್ಷಾನುಗಟ್ಟಲೆ ಮೆತ್ತಗೇ ಉಳಿಯಬೇಕು.

ಉಳಿಯುವುದಿಲ್ಲ. ಹಳೆಯ ಸೀಲ್‌ಗಳಲ್ಲಿ ಹೆಚ್ಚಾಗಿ ಬಳಸುತ್ತಿದ್ದ ನೈಟ್ರೈಲ್ ರಬ್ಬರ್ 100ರಿಂದ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಚೆನ್ನಾಗಿ ತಾಳುತ್ತದೆ. ಅದರಾಚೆ ಬಿಸಿ ಮತ್ತು ಆಮ್ಲಜನಕ ಸೇರಿ ರಬ್ಬರಿನ ಎಳೆಗಳ ನಡುವೆ ಹೊಸ ಹೊಸ ಕೊಂಡಿಗಳನ್ನು ಹಾಕುತ್ತ ಹೋಗುತ್ತವೆ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ಹವಾಯಿ ಚಪ್ಪಲಿಯ ಪಟ್ಟಿಯಂತೆ ಅದು ಗಡುಸಾಗಿ, ಕೊನೆಗೆ ಬಿರಿಯುತ್ತದೆ. ಫ್ಲೋರಿನ್ ಸೇರಿಸಿದ ರಬ್ಬರ್ 200 ಡಿಗ್ರಿಯವರೆಗೂ ತಾಳುತ್ತದೆ. ಅಮೆರಿಕದ ಡುಪಾಂಟ್ ಕಂಪನಿ 1957ರಲ್ಲೇ ವೈಟಾನ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ಅದರ ಬೆಲೆ ಹೆಚ್ಚು. ಸಣ್ಣ ಕಾರಿನ ಇಂಜಿನ್ನಿಗೆ ಅಂಗಡಿಯಲ್ಲಿ ಸಿಗುವ ಅಗ್ಗದ ಸೀಲ್ ಅದರದ್ದೇ ಎಂದು ನಂಬಿಕೊಳ್ಳುವ ಹಾಗಿಲ್ಲ.

ರಬ್ಬರ್ ತಜ್ಞರು ಬಳಸುವ ಒಂದು ಸ್ಥೂಲ ಲೆಕ್ಕವಿದೆ: ಬಿಸಿ ಹತ್ತು ಡಿಗ್ರಿ ಏರಿದರೆ ರಬ್ಬರ್ ಮುದಿಯಾಗುವ ವೇಗ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ. ಹೊಸೂರು, ಡೆಂಕಣಿಕೋಟೆ ಸುತ್ತಿನ ಹಳೆಯ ಕಾರುಗಳ ಮಟ್ಟಿಗೆ ಈ ಲೆಕ್ಕ ಬಹಳ ಮುಖ್ಯ. ರೇಡಿಯೇಟರಿಗೆ ಕೂಲೆಂಟ್ ಹಾಕದೆ ಬೋರ್‌ವೆಲ್ ನೀರನ್ನೇ ತುಂಬಿಸುವುದು ಇಲ್ಲಿ ರೂಢಿ. ಗಡಸು ನೀರಿನ ಸುಣ್ಣ ಹೆಡ್‌ನ ನೀರಿನ ಹಾದಿಗಳಲ್ಲಿ ಪದರಗಟ್ಟಿ ಬಿಸಿ ಹೊರಹೋಗುವುದನ್ನು ತಡೆಯುತ್ತದೆ. ಮೀಟರಿನ ಮುಳ್ಳು ಎಂದಿನ ಜಾಗದಲ್ಲೇ ಇದ್ದರೂ ವಾಲ್ವಿನ ಸುತ್ತಲ ಲೋಹ ಹೆಚ್ಚು ಕಾದಿರಬಹುದು. ಒಮ್ಮೆ ಇಂಜಿನ್ ಕುದಿದು ನಿಂತ ಕಾರಿನ ಸೀಲ್‌ಗಳ ಆಯಸ್ಸು ಆ ಒಂದೇ ಗಳಿಗೆಯಲ್ಲಿ ಎಷ್ಟು ಕರಗಿತು ಎಂಬುದು ಓಡೋಮೀಟರಿನಲ್ಲಿ ಕಾಣುವುದಿಲ್ಲ.

ಓಡೋಮೀಟರ್ ಎಂದಾಗ ಇನ್ನೊಂದು ಮಾತು. ಬೆಂಗಳೂರಿನಲ್ಲಿ ಹೊಸ ಕಾರು ಕೊಂಡವರು ಮಾರಿದ ಹಳೆಯವು ಆನೇಕಲ್, ಅತ್ತಿಬೆಲೆ ದಾಟಿ ಈ ಕಡೆಗೂ ಬರುತ್ತವೆ. ತಳಿ ರಸ್ತೆಯಲ್ಲಿ ಹೊಸೂರಿನ ಟಿಎನ್ 70ರ ಜೊತೆ ಕೆಎ 51, ಕೆಎ 59 ನಂಬರಿನ ಕಾರುಗಳನ್ನು ಕಾಣುವುದು ಸಾಮಾನ್ಯ. ಮಾರುವವರು ಹೇಳುವುದು ಒಂದೇ ಮಾತು: "ಕಿಲೋಮೀಟರ್ ಕಮ್ಮಿ ಓಡಿದೆ ಸಾರ್, ಡಾಕ್ಟ್ರು ಗಾಡಿ." ಉಕ್ಕಿನ ಭಾಗಗಳು ಸವೆಯುವುದು ಓಡಿದ ದೂರದಿಂದ. ರಬ್ಬರ್ ಮುದಿಯಾಗುವುದು ಕಾಲದಿಂದ ಮತ್ತು ಬಿಸಿಯಿಂದ. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಆ ಸಾಲಿನ ಕಟ್ಟಕಡೆಯ ಕಾರಿಗೂ ಈಗ ಹನ್ನೆರಡರ ಆಸುಪಾಸು ವಯಸ್ಸು. 2000ದ ಆಚೀಚೆ ಬಂದ ಸಾವಿರಾರು ಸಣ್ಣ ಕಾರುಗಳು, ಓಮ್ನಿಗಳು, ಮೊದಲ ತಲೆಮಾರಿನ ಆಲ್ಟೋಗಳು ಇಪ್ಪತ್ತು ದಾಟಿವೆ. ಅವುಗಳಲ್ಲಿ ಎಷ್ಟೋ ಇಂಜಿನ್‌ಗಳ ಟಪೆಟ್ ಕವರಿನ ಕೆಳಗೆ ಕಾರ್ಖಾನೆಯಲ್ಲಿ ಹಾಕಿದ ಸೀಲ್‌ಗಳೇ ಇವೆ. ಹೀಗೆ ಒಂದೇ ಕಾಲದಲ್ಲಿ ಹುಟ್ಟಿದ ರಬ್ಬರ್ ಒಂದೇ ಕಾಲದಲ್ಲಿ ಕೈಕೊಡುತ್ತಿದೆ.

ಆಯಿಲ್ ಹೇಗೆ ಇಳಿಯುತ್ತದೆ ಎಂಬುದನ್ನು ತಿಳಿದರೆ ಹೊಗೆಯ ಹೊತ್ತು ಯಾಕೆ ಅಷ್ಟು ಖಚಿತ ಎಂಬುದೂ ತಿಳಿಯುತ್ತದೆ. ಪೆಟ್ರೋಲ್ ಇಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಗಾಳಿಯ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್‌ಗಳು ಎಳೆಯುತ್ತಲೇ ಇರುವುದರಿಂದ ಒಳದಾರಿಯ ಒತ್ತಡ ಹೊರಗಿನದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಟಪೆಟ್ ಕವರಿನೊಳಗೆ ಮಾತ್ರ ಹೆಚ್ಚುಕಮ್ಮಿ ಹೊರಗಿನಷ್ಟೇ ಒತ್ತಡ. ಈ ಅಂತರ ಗಡುಸಾದ ಸೀಲಿನ ಸಂದಿಯಿಂದ ಆಯಿಲನ್ನು ಕೆಳಕ್ಕೆ ಹೀರುತ್ತದೆ. ಸಿಗ್ನಲಿನಲ್ಲಿ ಹೆಚ್ಚು ಹೊತ್ತು ನಿಂತು ಆಕ್ಸಿಲರೇಟರ್ ಒತ್ತಿದಾಗ ಹೊಗೆ ಬರುವುದು ಇದರಿಂದ. ಇಳಿಜಾರಿನಲ್ಲಿ ಗೇರಿನಲ್ಲೇ ಕಾಲು ತೆಗೆದು ಇಳಿಯುವಾಗ ಈ ಹೀರುವಿಕೆ ಇನ್ನೂ ಹೆಚ್ಚು. ಹೊಸೂರಿನಿಂದ ಶೂಲಗಿರಿ ದಾಟಿ ಕೃಷ್ಣಗಿರಿಗೆ ಹೋಗುವಾಗ ರಸ್ತೆ ಸುಮಾರು 400 ಮೀಟರ್ ಕೆಳಗಿಳಿಯುತ್ತದೆ. ಅಲ್ಲಿನ ಒಂದು ಉದ್ದ ಇಳಿಜಾರನ್ನು ಹಾಗೆ ಇಳಿದು ಬುಡದಲ್ಲಿ ಆಕ್ಸಿಲರೇಟರ್ ಒತ್ತಿ ಕನ್ನಡಿಯಲ್ಲಿ ಹಿಂದೆ ನೋಡಿದರೆ ಸೀಲ್ ಹೋಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬೆಳಗಿನ ಹೊಗೆಗೆ ಕಾರಣ ಬೇರೆ. ರಾತ್ರಿ ಹೆಡ್ ಮೇಲೆ ನಿಂತ ಆಯಿಲ್ ಗೈಡಿನಗುಂಟ ಜಿನುಗಿ ವಾಲ್ವಿನ ಬೆನ್ನ ಮೇಲೆ, ಸಿಲಿಂಡರಿನೊಳಗೆ ಕೂತಿರುತ್ತದೆ. ಮೊದಲ ಕೆಲವು ಸುತ್ತುಗಳಲ್ಲಿ ಅದು ಸುಡುತ್ತದೆ, ಆಮೇಲೆ ಹೊಗೆ ಮಾಯ.

ಪಿಸ್ಟನ್ ರಿಂಗ್ ಸವೆದ ಇಂಜಿನ್ ಹೀಗೆ ಹೊತ್ತು ನೋಡಿ ಹೊಗೆ ಬಿಡುವುದಿಲ್ಲ. ಭಾರ ಹೊತ್ತು ಏರು ಹತ್ತುವಾಗ, ಎಳೆಯುವಷ್ಟು ಕಾಲವೂ ಬಿಡುತ್ತದೆ. ಆಯಿಲ್ ತುಂಬಿಸುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಹಬೆ ಗುಪ್ಪೆಂದು ಬರುತ್ತದೆ. ಇಷ್ಟು ಸುಲಭದ ವ್ಯತ್ಯಾಸವಿದ್ದರೂ "ಇಂಜಿನ್ ಕೆಲಸಕ್ಕೆ ಬಂದಿದೆ" ಎಂಬ ಒಂದೇ ತೀರ್ಪು ಎರಡಕ್ಕೂ ಬೀಳುತ್ತದೆ. ಆ ಖರ್ಚಿಗೆ ಹೆದರಿದವರು ಏನೂ ಮಾಡಿಸದೆ ಓಡಿಸುತ್ತಲೇ ಇರುತ್ತಾರೆ.

ಈಗ ಲೆಕ್ಕ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುವ ಕಾರನ್ನು ತೆಗೆದುಕೊಳ್ಳೋಣ. ಕೆಲವು ತಯಾರಕರ ಕೈಪಿಡಿಗಳು ಇಷ್ಟನ್ನೂ ಸಹಜ ಎಂದೇ ಬರೆಯುತ್ತವೆ. ವಾರಂಟಿಯ ಹೊಣೆ ತಪ್ಪಿಸಿಕೊಳ್ಳಲು ಬರೆದ ಮಿತಿಯದು, ಇಂಜಿನ್ನಿನ ಆರೋಗ್ಯದ ಅಳತೆಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಾವಿರ ಕಿಲೋಮೀಟರಿಗೆ ಲೀಟರ್ ಎಂದರೆ ಕಿಲೋಮೀಟರಿಗೆ ಒಂದು ಮಿಲಿಲೀಟರ್, ಪ್ರತಿ ಐವತ್ತು ಮೀಟರಿಗೆ ಒಂದು ಹನಿ. ತೂಕದಲ್ಲಿ ಕಿಲೋಮೀಟರಿಗೆ ಸುಮಾರು 870 ಮಿಲಿಗ್ರಾಂ. ಇದರಲ್ಲಿ ಹೆಚ್ಚಿನದು ಸುಟ್ಟೇ ಹೋಗುತ್ತದೆ ಎಂದು ಇಟ್ಟುಕೊಳ್ಳಿ. ನೂರಕ್ಕೆ ಐದು ಪಾಲು ಮಾತ್ರ ಅರೆಬೆಂದ ಕಣಗಳಾಗಿ ಹೊರಬಿದ್ದರೂ ಕಿಲೋಮೀಟರಿಗೆ 43 ಮಿಲಿಗ್ರಾಂ ಆಯಿತು. ಐದು ಪಾಲು ಎಂಬುದು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಅಂಕಿ. ಕಾರು, ವೇಗ, ಬಿಸಿಗೆ ತಕ್ಕಂತೆ ಅದು ಬದಲಾಗುತ್ತದೆ. ಹೋಲಿಕೆಗೆ ಇನ್ನೊಂದು ಅಂಕಿ ಇದೆ, ಅದು ಊಹೆಯದಲ್ಲ: 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್ 6 ನಿಯಮದಂತೆ ಹೊಸ ಡೀಸೆಲ್ ಕಾರು ಕಿಲೋಮೀಟರಿಗೆ 4.5 ಮಿಲಿಗ್ರಾಂಗಿಂತ ಹೆಚ್ಚು ಕಣ ಬಿಡುವಂತಿಲ್ಲ. ನನ್ನ ಊಹೆಯನ್ನು ಅರ್ಧಕ್ಕೆ ಇಳಿಸಿದರೂ ಸೀಲ್ ಹೋದ ಒಂದು ಪೆಟ್ರೋಲ್ ಕಾರು ಹೊಸ ಡೀಸೆಲ್ ಕಾರಿನ ಮಿತಿಯ ನಾಲ್ಕೈದು ಪಟ್ಟು ಬಿಡುತ್ತದೆ.

ರಸ್ತೆಯ ಗಾಳಿಯಲ್ಲಿ ಆಯಿಲ್ಲಿನ ಪಾಲು ಎಷ್ಟು ಎಂಬುದಕ್ಕೆ ಅಳತೆಯ ಸಾಕ್ಷ್ಯವೂ ಇದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬಳಿಯ ಕಾಲ್ಡೆಕಾಟ್ ಸುರಂಗದಲ್ಲಿ ವಾಹನಗಳ ಹೊಗೆಯನ್ನು ಹಿಡಿದು, ಅದರ ಸಾವಯವ ಕಣಗಳನ್ನು ಅಣುಮಟ್ಟದಲ್ಲಿ ಬಿಡಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ವಾಹನದಿಂದ ನೇರವಾಗಿ ಹೊರಬೀಳುವ ಆ ಕಣಗಳಲ್ಲಿ ಬಹುಪಾಲು ಇಂಧನದ್ದಲ್ಲ, ಇಂಜಿನ್ ಆಯಿಲ್ಲಿನದು ಎಂದು ಅದು ತೋರಿಸಿತು. ಕಟ್ಟುನಿಟ್ಟಿನ ತಪಾಸಣೆ ಇರುವ ನಾಡಿನ ರಸ್ತೆಯ ಮಾತು ಅದು. ಅದಕ್ಕೂ ಮೊದಲೇ ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್ಮನ್ ರಸ್ತೆ ಬದಿಯಲ್ಲಿ ಬೆಳಕಿನ ಕಿರಣ ಹಾಯಿಸಿ, ಓಡುವ ಕಾರುಗಳ ಹೊಗೆಯನ್ನು ಅಳೆಯುವ ಉಪಕರಣ ಕಟ್ಟಿದ್ದರು. ಒಟ್ಟು ಕಾರ್ಬನ್ ಮಾನಾಕ್ಸೈಡಿನ ಸುಮಾರು ಅರ್ಧದಷ್ಟು ನೂರರಲ್ಲಿ ಹತ್ತರಷ್ಟು ಕಾರುಗಳಿಂದ ಬರುತ್ತದೆ ಎಂಬುದು ಅವರ ಅಳತೆಗಳಲ್ಲಿ ಕಂಡಿತು. ಸ್ಟೆಡ್ಮನ್ ಅಳೆದದ್ದು ಕಣವನ್ನಲ್ಲ, ಅನಿಲವನ್ನು. ಆದರೂ ಅವರು ಕಂಡ ಸ್ವರೂಪ ಇಲ್ಲಿಗೂ ಸಲ್ಲುತ್ತದೆ: ಕೆಟ್ಟ ಕೆಲವೇ ಗಾಡಿಗಳು ಇಡೀ ರಸ್ತೆಯ ಗಾಳಿಯನ್ನು ಕೆಡಿಸಬಲ್ಲವು. ಅವನ್ನು ಹುಡುಕಿ ರಿಪೇರಿ ಮಾಡಿಸಿದರೆ ಸಿಗುವ ಲಾಭವೂ ಅಷ್ಟೇ ದೊಡ್ಡದು.

ಹಾಗಾದರೆ ಎಮಿಷನ್ ಟೆಸ್ಟಿನಲ್ಲಿ ಇವು ಸಿಕ್ಕಿಬೀಳಬೇಕಲ್ಲವೇ? ಸಿಕ್ಕಿಬೀಳುವುದಿಲ್ಲ. ಪೆಟ್ರೋಲ್ ಕಾರಿನ ಪರೀಕ್ಷೆಯಲ್ಲಿ ಅಳೆಯುವುದು ಮುಖ್ಯವಾಗಿ ಐಡ್ಲಿಂಗ್‌ನಲ್ಲಿ ಬರುವ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಬಿಎಸ್ 4 ಕಾರಿಗೆ ಮಿತಿ 0.3 ಶೇಕಡಾ ಮತ್ತು 200 ಪಿಪಿಎಂ, ಅದಕ್ಕಿಂತ ಹಳೆಯವಕ್ಕೆ ಇನ್ನೂ ಸಡಿಲ. ಕಣಗಳ ಅಳತೆ ಪೆಟ್ರೋಲ್ ಗಾಡಿಗೆ ಇಲ್ಲವೇ ಇಲ್ಲ. ಯಂತ್ರದ ಅತಿಗೆಂಪು ಕಿರಣ ಹೆಕ್ಸೇನಿನಂಥ ಹಗುರ ಹೈಡ್ರೋಕಾರ್ಬನ್ನಿಗೆ ಹೊಂದಿಸಿದ್ದು. ಆಯಿಲ್ಲಿನ ಭಾರವಾದ ಅಣುಗಳು ಕೊಳವೆಯಲ್ಲೇ ತಣಿದು ಫಿಲ್ಟರಿಗೆ ಅಂಟಿಕೊಳ್ಳುತ್ತವೆ, ಕಿರಣದವರೆಗೆ ಬರುವುದೇ ಸ್ವಲ್ಪ. ಮೇಲಾಗಿ ಪರೀಕ್ಷೆಗೆ ಬರುವ ಕಾರು ದಾರಿಯಲ್ಲಿ ಓಡಿ ಬಿಸಿಯಾಗಿರುತ್ತದೆ, ಬೆಳಗಿನ ಗುಪ್ಪೆ ಮನೆ ಮುಂದೆಯೇ ಮುಗಿದಿರುತ್ತದೆ. ಹೀಗೆ ಸರ್ಟಿಫಿಕೇಟ್ ಹೊಂದಿದ ಕಾರೇ ದಿನವೂ ಆಯಿಲ್ ಸುಡುತ್ತಿರುತ್ತದೆ. ನಮ್ಮ ದೇಶದ 2009ರ ಗಾಳಿಯ ಮಾನದಂಡದಲ್ಲಿ ಬೆಂಜೊ ಪೈರೀನ್ ಎಂಬ ಕ್ಯಾನ್ಸರ್‌ಕಾರಕಕ್ಕೆ ಘನಮೀಟರಿಗೆ 1 ನ್ಯಾನೋಗ್ರಾಂ ಎಂಬ ವಾರ್ಷಿಕ ಮಿತಿ ಇದೆ. ಅದರ ಜಾತಿಯ ಸಂಯುಕ್ತಗಳು ಬಳಸಿದ ಇಂಜಿನ್ ಆಯಿಲ್ಲಿನಲ್ಲಿ ದಿನದಿನಕ್ಕೆ ಕೂಡಿಕೊಳ್ಳುತ್ತವೆ. ಗಾಳಿಯಲ್ಲಿ ಅದಕ್ಕೆ ಮಿತಿ ಹಾಕಿದವರು ಅದು ಹೊರಡುವ ಕೊಳವೆಯ ಬಾಯಲ್ಲಿ ನೋಡುತ್ತಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಬೆಳಿಗ್ಗೆ ಕಾರಿನ ಹಿಂದೆ, ಸೈಲೆನ್ಸರಿನ ಎತ್ತರದಲ್ಲೇ ಮೂಗಿರುವ ಮಕ್ಕಳು ಶಾಲೆಯ ವ್ಯಾನಿಗೆ ಕಾಯುತ್ತ ನಿಂತಿರುತ್ತಾರೆ.

ಕೊಳವೆಯ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಲ್ಲ, ಅದು ಶುದ್ಧ ಮಾಡುವುದಿಲ್ಲವೇ ಎಂದು ಕೇಳಬಹುದು. ಎರಡು ಕಾರಣಕ್ಕೆ ಇಲ್ಲ. ಒಂದು, ಕನ್ವರ್ಟರ್ ಕೆಲಸ ಶುರುಮಾಡುವುದು 250ರಿಂದ 300 ಡಿಗ್ರಿ ಕಾದ ಮೇಲೆ. ಬೆಳಗಿನ ಗುಪ್ಪೆ ಹಾದುಹೋಗುವಾಗ ಅದು ತಣ್ಣಗೆ ಮಲಗಿರುತ್ತದೆ. ಎರಡನೆಯದು ಇನ್ನೂ ಗಂಭೀರ. ಆಯಿಲ್ಲಿಗೆ ಸವೆತ ತಡೆಯಲೆಂದು ಸತು ಮತ್ತು ರಂಜಕ ಸೇರಿದ ರಾಸಾಯನಿಕವನ್ನು ಬೆರೆಸಿರುತ್ತಾರೆ. ಆಯಿಲ್ ಸುಟ್ಟಾಗ ರಂಜಕ ಉರಿದುಹೋಗುವುದಿಲ್ಲ. ಕನ್ವರ್ಟರಿನ ಮುಖದ ಮೇಲೆ ಗಾಜಿನಂಥ ಫಾಸ್ಫೇಟ್ ಪದರವಾಗಿ ಕೂರುತ್ತದೆ, ಒಳಗಿನ ಸೀರಿಯಂ ಜೊತೆ ಸೇರಿ ಅದರ ಆಮ್ಲಜನಕ ಹಿಡಿದಿಡುವ ಗುಣವನ್ನೇ ಕಸಿಯುತ್ತದೆ. ಒಮ್ಮೆ ಹಾಗಾದ ಕನ್ವರ್ಟರ್ ತೊಳೆದರೆ ಸರಿಹೋಗುವುದಿಲ್ಲ. ಆಯಿಲ್ ಉದ್ಯಮಕ್ಕೆ ಇದು ಚೆನ್ನಾಗಿ ಗೊತ್ತು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 1996ರ ಎಸ್‌ಜೆ ದರ್ಜೆಯಲ್ಲಿ ರಂಜಕವನ್ನು 0.10 ಶೇಕಡಾಕ್ಕೆ, 2004ರ ಎಸ್‌ಎಂ ದರ್ಜೆಯಲ್ಲಿ 0.08ಕ್ಕೆ ಇಳಿಸಿದ್ದು ಕನ್ವರ್ಟರ್ ಉಳಿಸಲೆಂದೇ.

ಇಲ್ಲೂ ಲೆಕ್ಕ ಹಾಕೋಣ. 0.1 ಶೇಕಡಾ ರಂಜಕವಿರುವ ಒಂದು ಲೀಟರ್ ಆಯಿಲ್ಲಿನಲ್ಲಿ ಸುಮಾರು 0.87 ಗ್ರಾಂ ರಂಜಕ. ಹತ್ತು ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಸುಡುವ ಒಳ್ಳೆಯ ಇಂಜಿನ್ 20,000 ಕಿಲೋಮೀಟರಿನಲ್ಲಿ ಕೊಳವೆಗೆ ಕಳಿಸುವುದು 1.7 ಗ್ರಾಂ. ಸಾವಿರಕ್ಕೊಂದು ಲೀಟರ್ ಕುಡಿಯುವ ಇಂಜಿನ್ ಅಷ್ಟೇ ದೂರಕ್ಕೆ 17 ಗ್ರಾಂ. ಅಷ್ಟೂ ಕನ್ವರ್ಟರಿಗೇ ಅಂಟುವುದಿಲ್ಲ, ಆದರೆ ಹತ್ತು ಪಟ್ಟಿನ ಅಂತರ ಅಂತರವೇ. ಪೆಟ್ರೋಲಿನಿಂದ ಸೀಸವನ್ನು ದೇಶದಾದ್ಯಂತ 2000ದಲ್ಲಿ ತೆಗೆದುಹಾಕಿದ್ದಕ್ಕೆ ಕನ್ವರ್ಟರಿನ ಉಳಿವೂ ಒಂದು ಕಾರಣವಾಗಿತ್ತು. ಇಡೀ ದೇಶ ಅಷ್ಟು ಶ್ರಮಪಟ್ಟು ಕಾಪಾಡಿದ ಆ ಸಾಧನವನ್ನು ಒಂದೊಂದು ಇಂಜಿನ್ನಿನಲ್ಲೂ ಆರೇಳು ರಬ್ಬರ್ ಟೋಪಿಗಳ ನಿರ್ಲಕ್ಷ್ಯಕ್ಕೆ ಕಳೆದುಕೊಳ್ಳುತ್ತಿದ್ದೇವೆ.

ಕನ್ವರ್ಟರಿಗೆ ಇನ್ನೊಂದು ಪೆಟ್ಟೂ ಇದೆ. ಆಯಿಲ್ ಮೆತ್ತಿದ ಪ್ಲಗ್ಗಿನಲ್ಲಿ ಆಗಾಗ ಕಿಡಿ ತಪ್ಪುತ್ತದೆ. ಆಗ ಉರಿಯದ ಪೆಟ್ರೋಲ್ ಬಿಸಿ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಪಿಂಗಾಣಿ ಜಾಲರಿ ಕರಗಿ ಕಟ್ಟಿಕೊಳ್ಳುವುದೂ ಉಂಟು. ಹಾಗೆ ಕೆಂಪಗೆ ಕಾದ ಕನ್ವರ್ಟರಿನ ಕಾರನ್ನು ಬೇಸಿಗೆಯಲ್ಲಿ ಜವಳಗಿರಿ ಕಾಡಂಚಿನ ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಹುಲ್ಲಿಗೆ ಬೆಂಕಿ ಹತ್ತಬಹುದು.

ಜವಳಗಿರಿ ಕಾಡಿನ ದಾರಿಯಲ್ಲಿ ಇನ್ನೊಂದು ಅಪಾಯವಿದೆ. ಸಣ್ಣ ಕಾರಿನ ಇಂಜಿನ್ ಹಿಡಿಯುವ ಆಯಿಲ್ ಮೂರು ಲೀಟರ್ ಆಸುಪಾಸು. ಸಾವಿರಕ್ಕೊಂದು ಲೀಟರ್ ಹೋಗುವ ಕಾರು ಐದು ಸಾವಿರ ಕಿಲೋಮೀಟರಿನ ಸರ್ವಿಸ್‌ವರೆಗೆ ಕಾಯುವ ಪ್ರಶ್ನೆಯೇ ಇಲ್ಲ. ಎರಡು ಸಾವಿರ ಮುಟ್ಟುವ ಮುಂಚೆಯೇ ಮಟ್ಟ ಗೇಜ್ ಕಡ್ಡಿಯ ಕೆಳಗೆರೆಗಿಂತ ಕೆಳಗಿಳಿದಿರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿದರೆ ನೋಡಿಕೊಳ್ಳೋಣ ಎನ್ನುವವರು ತಿಳಿಯಬೇಕಾದದ್ದು: ಆ ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ, ಪಂಪಿನ ಒತ್ತಡ ಬಿದ್ದುಹೋಗಿದೆ ಎಂದು ಹೇಳುತ್ತದೆ. ಅದು ಹತ್ತುವ ಹೊತ್ತಿಗೆ ಬೇರಿಂಗ್ ಒಣಗಿರುತ್ತದೆ. ಇಂಜಿನ್ ಸೀಜ್ ಆದರೆ ಕಾರು ಅಲ್ಲೇ ನಿಂತಿತು. ರಾಗಿ ಕಟಾವಿನ ಕಾಲದಿಂದ ಶುರುವಾಗಿ ಚಳಿಗಾಲದುದ್ದಕ್ಕೂ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ತಳಿ, ಜವಳಗಿರಿ, ಡೆಂಕಣಿಕೋಟೆ ಕಾಡುಗಳಿಗೆ ಬರುತ್ತವೆ, ರಸ್ತೆಯನ್ನೂ ದಾಟುತ್ತವೆ. ರಾತ್ರಿ ಮನೆಮಂದಿಯೊಂದಿಗೆ ಅಂಥ ಕಡೆ ನಿಂತುಹೋಗುವುದು ಪ್ರಾಣಕ್ಕೇ ಸಂಚಕಾರ.

ಇನ್ನು ಈ ಸೀಮೆಯ ವರ್ಕ್‌ಶಾಪಿನವರು ಅವಶ್ಯ ಗಮನಿಸಬೇಕಾದ ಒಂದು ವಿಷಯ. ಹೊಸೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ತಳಿಯ ಕಡೆ ಅಷ್ಟೇ ಅಥವಾ ಇನ್ನೂ ಎತ್ತರ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಸಿಲಿಂಡರ್ ಒಳಗೆಳೆದುಕೊಳ್ಳುವ ಗಾಳಿಯೇ ತೆಳುವಾದಾಗ ಕಂಪ್ರೆಷನ್ ಗೇಜ್ ಕೂಡ ಕಡಿಮೆ ತೋರಿಸುತ್ತದೆ. ಕೈಪಿಡಿಯಲ್ಲಿ 170 ಪಿಎಸ್‌ಐ ಎಂದಿದ್ದರೆ ಇಲ್ಲಿ ಆರೋಗ್ಯವಂತ ಇಂಜಿನ್ನಿನಲ್ಲೂ 153ರ ಆಸುಪಾಸು ಬರುವುದು ಸಹಜ. ವ್ಯಾಕ್ಯೂಮ್ ಗೇಜಿನ ಅಂಕಿಯೂ ಪಾದರಸದ ಲೆಕ್ಕದಲ್ಲಿ ಮೂರು ಅಂಗುಲದಷ್ಟು ಕೆಳಗೆ ನಿಲ್ಲುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಗೇಜ್ ನೋಡಿದವರು "ಕಂಪ್ರೆಷನ್ ಹೋಗಿದೆ, ರಿಂಗ್ ಹಾಕಬೇಕು, ಬೋರ್ ಮಾಡಿಸಬೇಕು" ಎಂದು ಇಡೀ ಇಂಜಿನ್ ಬಿಚ್ಚುತ್ತಾರೆ. ಸೀಲ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಹತ್ತಾರು ಸಾವಿರ ಬೀಳುತ್ತದೆ. ನೋಡಬೇಕಾದದ್ದು ಒಂದು ಸಿಲಿಂಡರಿನ ಅಂಕಿಯನ್ನಲ್ಲ, ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು. ಅನುಮಾನವಿದ್ದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಗಣನೀಯವಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ, ಸಿಲಿಂಡರುಗಳು ಸಮವಾಗಿದ್ದರೆ, ಬೆಳಗಿನ ಹೊಗೆಗೆ ಸೀಲನ್ನೇ ಮೊದಲು ಹಿಡಿಯಬೇಕು.

ಬದಲಿಸುವ ಕೆಲಸಕ್ಕೆ ಹೆಡ್ ಇಳಿಸಲೇಬೇಕೆಂದಿಲ್ಲ. ಎರಡು ವಾಲ್ವಿನ ಮೂರು ಸಿಲಿಂಡರ್ ಇಂಜಿನ್ನಿಗೆ ಆರು ಸೀಲ್ ಸಾಕು. ಅವುಗಳ ಬೆಲೆ ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ, ಖರ್ಚೆಲ್ಲ ಕೈಗೆಲಸದ್ದು. ಪಿಸ್ಟನ್ನನ್ನು ಮೇಲಕ್ಕೆ ತಂದು, ಪ್ಲಗ್ ತೂತಿನಿಂದ ಕಂಪ್ರೆಸರಿನ ಗಾಳಿಯನ್ನು ಆರೇಳು ಕೆಜಿ ಒತ್ತಡದಲ್ಲಿ ಕೊಟ್ಟರೆ ವಾಲ್ವ್ ಕೆಳಗೆ ಬೀಳದೆ ನಿಲ್ಲುತ್ತದೆ. ಕಂಪ್ರೆಸರ್ ಇಲ್ಲದ ಕಡೆ ನುಣುಪಾದ ಹಗ್ಗವನ್ನು ತೂತಿನಿಂದ ಸಿಲಿಂಡರಿಗೆ ತುಂಬಿ ಪಿಸ್ಟನ್ನನ್ನು ಮೇಲಕ್ಕೆ ಒತ್ತುವ ಹಳೆಯ ವಿಧಾನವೂ ನಂಬಿಕೆಗೆ ಅರ್ಹ. ಹಗ್ಗದ ಒಂದು ತುದಿ ಹೊರಗೇ ಇರಬೇಕು. ವಾಲ್ವಿನ ಸ್ಪ್ರಿಂಗ್ ಒತ್ತಿ ಅದನ್ನು ಹಿಡಿದಿಡುವ ಲಾಕ್ ತೆಗೆಯುವ ಮುಂಚೆ ಸುತ್ತಲಿನ ಆಯಿಲ್ ಇಳಿಯುವ ತೂತುಗಳನ್ನೆಲ್ಲ ಬಟ್ಟೆಯಿಂದ ಮುಚ್ಚದಿದ್ದರೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಲಾಕ್ ಒಳಗೆ ಬಿದ್ದು ಇಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚುವ ಹಾಗಾಗುತ್ತದೆ.

ಹಳೆಯ ಸೀಲ್ ಎಳೆದ ಮೇಲೆ ಹೊಸದನ್ನು ಹಾಕುವ ಆತುರ ಬೇಡ. ಮೊದಲು ವಾಲ್ವಿನ ಕಾಂಡವನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ ಗೈಡಿನ ಆಟ ನೋಡಬೇಕು. ಹೊಸ ಇಂಜಿನ್ನಿನಲ್ಲಿ ಈ ಸಂದಿ ಒಂದು ಮಿಲಿಮೀಟರಿನ ನೂರರಲ್ಲಿ ಎರಡರಿಂದ ಐದು ಪಾಲು. ಕೈಗೆ ಆಟ ಸ್ಪಷ್ಟವಾಗಿ ತಿಳಿಯುವಷ್ಟಿದ್ದರೆ ಗೈಡ್ ಹೋಗಿದೆ. ಆಗ ಹೊಸ ಸೀಲ್ ಹಾಕಿದರೂ ಅಲ್ಲಾಡುವ ಕಾಂಡ ಅದರ ತುಟಿಯನ್ನು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೆಡ್ ಇಳಿಸಿ ಲೇತ್ ಅಂಗಡಿಯಲ್ಲಿ ಗೈಡ್ ಬದಲಿಸುವುದೊಂದೇ ದಾರಿ. ಗೈಡ್ ಸರಿಯಿದ್ದರೆ ಕಾಂಡದಲ್ಲಿ ಲಾಕ್ ಕೂರುವ ಕಚ್ಚಿನ ಮೇಲೆ ತೆಳು ಪ್ಲಾಸ್ಟಿಕ್ ಟೋಪಿ ಹಾಕಿ, ಆಯಿಲ್ ಸವರಿ, ಸೀಲನ್ನು ನೇರವಾಗಿ ಕೈಯಿಂದ ಇಳಿಸಿ, ಸರಿಯಾದ ಅಳತೆಯ ಕೊಳವೆಯಿಂದ ಒತ್ತಿ ಕೂರಿಸಬೇಕು. ಆ ಕಚ್ಚಿನ ಚೂಪು ಅಂಚು ಹೊಸ ಸೀಲಿನ ತುಟಿಯನ್ನು ಸೀಳುವುದರಿಂದಲೇ ಎಷ್ಟೋ ಕಡೆ "ಸೀಲ್ ಹಾಕಿಸಿದ್ರೂ ಹೊಗೆ ನಿಲ್ಲಲಿಲ್ಲ" ಎಂಬ ದೂರು ಬರುವುದು. ಕೆಲವು ಇಂಜಿನ್‌ಗಳಲ್ಲಿ ಒಳದಾರಿ ಮತ್ತು ಹೊರದಾರಿಯ ಸೀಲ್ ಬೇರೆಬೇರೆ ಬಣ್ಣದಲ್ಲಿರುತ್ತವೆ, ಅವನ್ನು ಅದಲುಬದಲು ಮಾಡಬಾರದು. ಈ ಕೆಲಸ ಮಾಡುವ ಹುಡುಗರು ಕೈಗವಸು ಹಾಕಿಕೊಳ್ಳಲಿ, ಬಳಸಿದ ಆಯಿಲನ್ನು ಚರ್ಮಕ್ಕೆ ಹತ್ತಿಸಿಕೊಂಡು ಪೆಟ್ರೋಲಿನಲ್ಲಿ ಕೈ ತೊಳೆಯುವುದನ್ನು ಬಿಡಲಿ.

ಬಾಟಲಿಯಲ್ಲಿ ಸಿಗುವ "ಹೊಗೆ ನಿಲ್ಲಿಸುವ" ದ್ರವಗಳು ರಬ್ಬರನ್ನು ಊದಿಸುವ ರಾಸಾಯನಿಕಗಳು. ಗಡುಸಾದರೂ ಬಿರಿಯದ ಸೀಲಿಗೆ ಕೆಲಕಾಲ ಮೆತುವು ತರಬಹುದು, ಬಿರಿದದ್ದನ್ನು ಕೂಡಿಸಲಾರವು. ದಪ್ಪ ಆಯಿಲ್ ಹಾಕುವ ಉಪಾಯ ಇನ್ನೂ ಹೆಚ್ಚು ಚಾಲ್ತಿಯಲ್ಲಿದೆ. 20ಡಬ್ಲ್ಯು 50 ಹಾಕಿದರೆ ಜಿನುಗು ತುಸು ತಗ್ಗುವುದು ನಿಜ. ಆದರೆ ಎಪಿಐ ಹಾಕಿದ ರಂಜಕದ ಮಿತಿ 5ಡಬ್ಲ್ಯು 30ರಂಥ ತೆಳು ದರ್ಜೆಗಳಿಗೆ ಮಾತ್ರ ಅನ್ವಯ, ಈ ದಪ್ಪ ದರ್ಜೆಗೆ ಅಲ್ಲ. ಹೊಗೆ ಕಣ್ಣಿಗೆ ಕಡಿಮೆ ಕಂಡರೂ ಸುಡುವ ಪ್ರತಿ ಹನಿಯಲ್ಲಿ ಕನ್ವರ್ಟರಿನ ವಿಷ ಹೆಚ್ಚಿರಬಹುದು. ಚಳಿಯ ಬೆಳಗಲ್ಲಿ ಅದು ಮೇಲಿನ ಕ್ಯಾಮ್‌ವರೆಗೆ ಏರಲೂ ತಡಮಾಡುತ್ತದೆ. ಈಚೆಗೆ ನೀಲಿ ಹೊಗೆಗೆಲ್ಲ ಎಥನಾಲ್ ಬೆರೆಸಿದ ಪೆಟ್ರೋಲನ್ನು ದೂರುವುದೂ ಶುರುವಾಗಿದೆ. ಎಥನಾಲ್ ಉರಿದರೆ ನೀಲಿ ಹೊಗೆ ಬರುವುದಿಲ್ಲ. ಹಳೆಯ ಕಾರಿನ ಪೆಟ್ರೋಲ್ ಕೊಳವೆಗಳನ್ನು ಪರೀಕ್ಷಿಸಲು ಅದು ಒಳ್ಳೆಯ ಕಾರಣ, ಆಯಿಲ್ ಹೊಗೆಯ ಮೂಲ ಮಾತ್ರ ಹೆಡ್ಡಿನಲ್ಲೇ ಇದೆ.

ಹೂವು, ಟೊಮ್ಯಾಟೊ ಹೊತ್ತು ನಸುಕಿನಲ್ಲೇ ಬೆಂಗಳೂರಿಗೆ ಓಡುವ ಸಣ್ಣ ಡೀಸೆಲ್ ಗಾಡಿಗಳಲ್ಲೂ ವಾಲ್ವ್ ಸೀಲ್ ಇದೆ. ಡೀಸೆಲ್ ಇಂಜಿನ್ನಿನ ಒಳದಾರಿಯಲ್ಲಿ ಅಷ್ಟು ಹೀರುವಿಕೆ ಇಲ್ಲದ ಕಾರಣ ಲಕ್ಷಣ ತಡವಾಗಿ ಕಾಣುತ್ತದೆ. ಅವುಗಳಲ್ಲಿ ಕಣ್ಣನ್ನು ನಂಬದೆ ಆಯಿಲ್ ಲೆಕ್ಕವನ್ನೇ ನಂಬಬೇಕು. ಮೇಲ್ಗೆರೆಯವರೆಗೆ ತುಂಬಿಸಿ, ಮೀಟರ್ ಬರೆದಿಟ್ಟುಕೊಂಡು, ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಆ ಗೆರೆಗೆ ತರಲು ಎಷ್ಟು ಬೇಕಾಯಿತು ಎಂದು ಅಳೆದರೆ ಸಾಕು. ಕಾಲು ಲೀಟರ್ ದಾಟಿದರೆ ಕಾರಣ ಹುಡುಕಲು ಶುರುಮಾಡಿ, ಅರ್ಧ ಲೀಟರ್ ದಾಟಿದರೆ ಮುಂದೂಡಬೇಡಿ. ಈ ಗೆರೆಗಳನ್ನು ಎಳೆದದ್ದು ನಾನು, ಯಾವ ನಿಯಮವೂ ಅಲ್ಲ. ಕನ್ವರ್ಟರ್ ಇನ್ನೂ ಬದುಕಿರುವಾಗಲೇ ಎಚ್ಚರವಾಗಲಿ ಎಂದು ಬೇಕೆಂದೇ ಬಿಗಿಯಾಗಿ ಎಳೆದಿದ್ದೇನೆ.

ಸರ್ಕಾರ ಮಾಡಬಹುದಾದದ್ದೂ ಇದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ಹಣ ಪಡೆಯುವ ತಪಾಸಣೆಯಲ್ಲಿ ಗೇಜ್ ಕಡ್ಡಿ ಎಳೆದು ನೋಡುವುದು, ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತಿ ಹೊಗೆಯ ಬಣ್ಣ ನೋಡುವುದು ಕಡ್ಡಾಯವಾಗಬೇಕು. ಇದಕ್ಕೆ ಹೊಸ ಯಂತ್ರ ಬೇಡ. ನೀಲಿ ಹೊಗೆ ಕಂಡ ಕಾರನ್ನು ಗುಜರಿಗೆ ದೂಡುವುದೂ ಬೇಡ. ಸೀಲ್ ಬದಲಿಸಿ ತರಲು ಒಂದು ತಿಂಗಳ ಗಡುವು ಕೊಟ್ಟರೆ ಬಡವನ ಕಾರೂ ಉಳಿಯುತ್ತದೆ, ಊರಿನ ಗಾಳಿಯೂ ಉಳಿಯುತ್ತದೆ.

ಆ ನಿಯಮ ಬರುವವರೆಗೆ ಹಳೆಯ ಕಾರು ಕೊಳ್ಳುವವರಿಗೆ ಇರುವ ರಕ್ಷಣೆ ಒಂದೇ, ತಣ್ಣನೆಯ ಇಂಜಿನ್. ಮಾರುವವರು ನೀವು ಬರುವ ಅರ್ಧ ಗಂಟೆ ಮುಂಚೆ ಕಾರನ್ನು ಓಡಿಸಿ ಬಿಸಿ ಮಾಡಿಟ್ಟಿರಬಹುದು. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅಂದು ಮಾತು ಮುಂದುವರಿಸಬೇಡಿ, ಮರುದಿನ ಬೆಳಿಗ್ಗೆ ಏಳಕ್ಕೆ ಮುಂಚೆ ಬರುತ್ತೇವೆಂದು ಹೇಳಿ ಬನ್ನಿ. ಸ್ಟಾರ್ಟ್ ಮಾಡುವಾಗ ನೀವು ಸ್ಟೀರಿಂಗ್ ಮುಂದೆ ಕೂರಬೇಡಿ, ಜೊತೆಗೆ ಬಂದವರನ್ನು ಕೂರಿಸಿ ನೀವು ಕಾರಿನ ಹಿಂದೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಟ್ಟು ನಿಂತು ಮೊದಲ ಅರ್ಧ ನಿಮಿಷ ನೋಡಿ.